ಎಚ್‌ಎಂಟಿ ರಸ್ತೆ, ಬಿಇಎಲ್ ರಸ್ತೆ: ಕಾರ್ಖಾನೆ ಕಾಲದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಮತ್ತಿಕೆರೆಯ ಒಂದು ಮಗ್ಗುಲಿಗೆ ಎಚ್‌ಎಂಟಿ ಮುಖ್ಯರಸ್ತೆ, ಇನ್ನೊಂದು ಮಗ್ಗುಲಿಗೆ ನ್ಯೂ ಬಿಇಎಲ್ ರಸ್ತೆ. ವಿಳಾಸ ಹೇಳುವಾಗ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಈ ಹೆಸರುಗಳ ಹಿಂದೆ ಕಾರ್ಖಾನೆಗಳಿವೆ ಎಂಬುದು ಇಲ್ಲಿ ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರಿಗೆ ಅಷ್ಟಾಗಿ ಗೊತ್ತಿಲ್ಲ. ತಪ್ಪು ಅವರದಲ್ಲ. ಕೈಗಾರಿಕೀಕರಣವೆಂದರೆ ನಮ್ಮ ಪಠ್ಯಪುಸ್ತಕದಲ್ಲಿ ಇಂಗ್ಲೆಂಡಿನ ನೂಲುವ ಯಂತ್ರ, ಅಮೆರಿಕದ ಫೋರ್ಡ್ ಕಾರು, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಅದು ನಮ್ಮದೇ ಬೀದಿಯ ಜನರ ನಿದ್ದೆ, ಊಟ, ಸಂಬಳ, ಸೈಟು, ಮಕ್ಕಳ ಓದು ಎಲ್ಲವನ್ನೂ ತಿರುಗಿಸಿ ಇಟ್ಟಿತೆಂಬ ಮಾತು ಅಲ್ಲಿ ಬರುವುದಿಲ್ಲ. ಹಾಗಾಗಿ ಕಾರ್ಖಾನೆಯ ಕಾಲದ ಬಗ್ಗೆ ಏನೇನೋ ನಂಬಿಕೆಗಳು ಚಾಲ್ತಿಯಲ್ಲಿವೆ. ಪದೇ ಪದೇ ಕಿವಿಗೆ ಬೀಳುವ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಐಟಿ ಬರುವ ತನಕ ಬೆಂಗಳೂರು ನಿವೃತ್ತರ ತಂಪು ಊರಾಗಿತ್ತು.

ವಾಸ್ತವ: ಜನ ಬಿನ್ನಿ ಮಿಲ್ ಎಂದೇ ಕರೆಯುವ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಹುಟ್ಟಿದ್ದು 1884ರಲ್ಲಿ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿದೀಪಗಳು ಉರಿದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ಕರೆಂಟು ಮೊದಲು ಗಣಿಗೆ ಹೋಯಿತು, ಆಮೇಲೆ ಊರಿಗೆ ಬಂತು. ನಿವೃತ್ತರ ಊರಿನಲ್ಲಿ ಈ ಸರದಿ ಇರುವುದಿಲ್ಲ.

ಮತ್ತಿಕೆರೆಯ ಸುತ್ತಲೇ ನೋಡಿ. ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ಈಗ ಮಂತ್ರಿ ಮಾಲ್ ಇರುವ ಕಡೆ ರಾಜಾ ಮಿಲ್ ಇತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೊದಲಾದ ಗಂಧದೆಣ್ಣೆ ಮತ್ತು ಸಾಬೂನಿನ ಉದ್ಯಮ 1957ರಲ್ಲಿ ಯಶವಂತಪುರದ ಹತ್ತಿರಕ್ಕೆ ಬಂತು. ಮೆಟ್ರೊ ನಿಲ್ದಾಣ ಇವತ್ತಿಗೂ ಅದರ ಹೆಸರಿನಲ್ಲೇ ಇದೆ. ಉತ್ತರಕ್ಕೆ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಒಂದಕ್ಕೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವು, ಇನ್ನೊಂದಕ್ಕೆ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯದು. ಪಶ್ಚಿಮಕ್ಕೆ 1970ರ ದಶಕದಲ್ಲಿ ಎದ್ದ ಪೀಣ್ಯ. ಕೆರೆ, ತೋಟ, ಹೊಲ ಇದ್ದ ಮತ್ತಿಕೆರೆ ಹಳ್ಳಿ ಇವೆಲ್ಲದರ ನಟ್ಟನಡುವೆ ಸಿಕ್ಕಿತು. ಬೆಂಗಳೂರಿನ ಸಾಫ್ಟ್‌ವೇರ್ ಕೂಡ ಬರಿಗಾಳಿಯಲ್ಲಿ ಮೊಳೆತದ್ದಲ್ಲ. ಲೇತ್, ರೇಡಾರು, ವಿಮಾನ ಮಾಡುತ್ತಿದ್ದ ಊರಿನಲ್ಲಿ ಇಂಜಿನಿಯರುಗಳೂ ಕಾಲೇಜುಗಳೂ ಆಗಲೇ ಇದ್ದವು.

ತಪ್ಪು ಕಲ್ಪನೆ: ಕೈಗಾರಿಕಾ ಕ್ರಾಂತಿ ನಡೆದದ್ದು ಅಮೆರಿಕ, ಇಂಗ್ಲೆಂಡಿನಲ್ಲಿ. ನಾವು ನೂರು ವರ್ಷ ತಡವಾಗಿ ಅದನ್ನು ನಕಲು ಮಾಡಿದೆವು.

ವಾಸ್ತವ: ಹಿಂದೆ ಮುಂದೆ ಎನ್ನುವುದಕ್ಕಿಂತ, ಎರಡೂ ಕಡೆಯದು ಒಂದೇ ದಾರದ ಗಂಟು. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು 1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಮಣ್ಣಿಗೆ ತಂದು ಬೆಳೆಸಿದರು. ಮಾರುಕಟ್ಟೆಯಲ್ಲಿ ಅದರ ಹೆಸರೇ ಧಾರವಾಡ-ಅಮೆರಿಕನ್ ಹತ್ತಿ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಹೊರಗೆ ಬರುವುದು ನಿಂತಾಗ ಹುಬ್ಬಳ್ಳಿ, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಮಿಸಿಸಿಪ್ಪಿಯ ದಂಡೆಯಲ್ಲಿ ನಡೆದದ್ದಕ್ಕೆ ನವಲಗುಂದದ ರೈತ ಸಾಲ ಕಟ್ಟಿದ.

ಶಿವನಸಮುದ್ರದ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದಾಗ ತಾಂತ್ರಿಕ ಹೊಣೆ ಹೊತ್ತವರು ವಿಲಿಯಂ ಪಾಲಿ ಎಂಬ ಅಮೆರಿಕದ ಉದ್ಯಮಿ. 1943ರ ಹೊತ್ತಿಗೆ ಅಮೆರಿಕದ ವಾಯುಪಡೆ ಅದೇ ಕಾರ್ಖಾನೆಯಲ್ಲಿ ತನ್ನ ವಿಮಾನಗಳನ್ನು ದುರಸ್ತಿ ಮಾಡಿಸುತ್ತಿತ್ತು, ಕನ್ನಡ, ತಮಿಳು, ತೆಲುಗು ಮಾತಾಡುವ ಮೆಕ್ಯಾನಿಕ್‌ಗಳ ಕೈಯಲ್ಲಿ.

ಅಮೆರಿಕದ ಬಗ್ಗೆ ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಯಂತ್ರ ಬಂದಲ್ಲಿ ಜೀತ ತಾನಾಗಿ ತೊಲಗುತ್ತದೆ ಎಂದು ನಂಬುವವರು ಬಹಳ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಹತ್ತು ಜನರ ಕೆಲಸವನ್ನು ಅದು ಹಗುರ ಮಾಡಬೇಕಿತ್ತು. ಆದದ್ದೇ ಬೇರೆ. ಬೀಜ ಬಿಡಿಸುವುದು ಸಲೀಸಾದ ಕೂಡಲೇ ಹತ್ತಿ ಬೆಳೆಯುವುದು ಭಾರಿ ಲಾಭದ ವ್ಯವಹಾರವಾಯಿತು, ಹೊಲ ಹೆಚ್ಚಿತು, ಹೊಲಕ್ಕೆ ಗುಲಾಮರೂ ಹೆಚ್ಚಿದರು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ಕ್ಕೆ 40 ಲಕ್ಷದ ಹತ್ತಿರಕ್ಕೆ ಬಂತು. ಯಂತ್ರದ ಸುತ್ತ ಮನುಷ್ಯರು ಎಂಥ ಕರಾರು ಬರೆಯುತ್ತಾರೋ ಅದರಂತೆ ಬದುಕು. ಮುಂದಿನ ಎಲ್ಲ ಅಂಶಗಳಲ್ಲೂ ನನಗೆ ಕಾಣುವುದು ಇದೇ.

ತಪ್ಪು ಕಲ್ಪನೆ: ಎಂಟು ಗಂಟೆಯ ಕೆಲಸ, ವಾರದ ರಜೆ ದೊಡ್ಡ ಕಂಪನಿಗಳು ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಹೆನ್ರಿ ಫೋರ್ಡ್ ಅದನ್ನು ಶುರುಮಾಡಿದ.

ವಾಸ್ತವ: ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಸಂಬಳ, ಎಂಟು ಗಂಟೆ ಪಾಳಿ ಎಂದು ಸಾರಿದ್ದು ನಿಜ. ಯಾಕೆ ಸಾರಿದ ಎಂಬುದನ್ನು ಹೇಳುವುದಿಲ್ಲ. 1913ರಲ್ಲಿ ಚಲಿಸುವ ಜೋಡಣೆ ಸಾಲು ಬಂದ ಮೇಲೆ ಒಬ್ಬನಿಗೆ ದಿನವಿಡೀ ಒಂದೇ ಬೋಲ್ಟು, ಒಂದೇ ತಿರುವು. ಬೇಸತ್ತು ಜನ ಕೆಲಸ ಬಿಟ್ಟು ಹೋಗುತ್ತಿದ್ದರು. ಆ ಒಂದು ವರ್ಷದಲ್ಲಿ ಬಿಟ್ಟವರ ಪ್ರಮಾಣ ಶೇ. 370. ನೂರು ಜಾಗ ತುಂಬಿಡಲು ವರ್ಷಕ್ಕೆ ಮುನ್ನೂರ ಎಪ್ಪತ್ತು ಜನರನ್ನು ಹೊಸದಾಗಿ ಹಿಡಿದು ತರಬೇಕಾದ ಸ್ಥಿತಿ. ಐದು ಡಾಲರಿಗೆ ಷರತ್ತೂ ಇತ್ತು. ಕಂಪನಿಯ ತನಿಖೆಯವರು ಮನೆಗೆ ಬಂದು ಕುಡಿತ, ಉಳಿತಾಯ, ಸಂಸಾರ ಹೇಗಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಅದಕ್ಕೂ ಎಷ್ಟೋ ಮೊದಲು, 1886ರ ಮೇ 1ರಂದು, ಎಂಟು ಗಂಟೆಯ ದಿನಕ್ಕಾಗಿ ಅಮೆರಿಕದ ಕಾರ್ಮಿಕರು ಬೀದಿಗಿಳಿದಿದ್ದರು. ಷಿಕಾಗೊದಲ್ಲಿ ರಕ್ತ ಹರಿಯಿತು, ನಾಯಕರು ಗಲ್ಲಿಗೇರಿದರು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 1938ರಲ್ಲಿ, ಐವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ನಮ್ಮಲ್ಲಿ? 1922ರ ಬ್ರಿಟಿಷ್ ಇಂಡಿಯಾದ ಕಾನೂನಿನಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ಅದನ್ನು 48ಕ್ಕೆ ಇಳಿಸಿದ 1946ರ ತಿದ್ದುಪಡಿಯನ್ನು ಮಂಡಿಸಿದವರು ಆಗ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಡಾ. ಅಂಬೇಡ್ಕರ್. ಅದು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಸೇರಿತು. ಜಾಲಹಳ್ಳಿಯ ಕಾರ್ಖಾನೆಗಳು ಬಾಗಿಲು ತೆರೆಯುವ ಹೊತ್ತಿಗೆ ಈ ಕಾಯ್ದೆ ಸಿದ್ಧವಾಗಿತ್ತು. 1948ರಲ್ಲೇ ಇಎಸ್‌ಐ ಕಾಯ್ದೆ, 1952ರಲ್ಲಿ ಪಿಎಫ್ ಕಾಯ್ದೆ ಬಂದಿದ್ದವು. ಅಂದರೆ ಎಚ್‌ಎಂಟಿಯ ಮೊದಲ ಟರ್ನರ್ ಗೇಟಿನೊಳಗೆ ಕಾಲಿಟ್ಟಾಗ ಅವನ ಕೆಲಸಕ್ಕೆ ಆದಿ, ಅಂತ್ಯ, ಕಾಯಿಲೆ, ಮುಪ್ಪು ನಾಲ್ಕಕ್ಕೂ ಒಂದು ಲೆಕ್ಕವಿತ್ತು. ಬಿನ್ನಿ ಮಿಲ್ಲಿನ ಮೊದಲ ತಲೆಮಾರಿಗೆ ಇದ್ಯಾವುದೂ ಇರಲಿಲ್ಲ. ಎರಡೂ ಕಡೆ ಇದ್ದದ್ದು ಯಂತ್ರವೇ, ಕರಾರು ಮಾತ್ರ ಬೇರೆ.

ಬರೆದದ್ದನ್ನು ಅಳಿಸಲೂ ಬರುತ್ತದೆ. 2023ರಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿ 48 ಇಟ್ಟುಕೊಂಡೇ, ದಿನದ ದುಡಿಮೆಯನ್ನು 12 ಗಂಟೆಯ ತನಕ ಎಳೆಯಲು ದಾರಿ ಮಾಡಿತು. 2024ರ ಜುಲೈನಲ್ಲಿ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದಾಗ ನೌಕರರ ಸಂಘ ಗಟ್ಟಿಯಾಗಿ ಎದುರು ನಿಂತಿತು. ಎಂಟು ಗಂಟೆಗೆ ಸುಮಾರು ನೂರ ನಲವತ್ತು ವರ್ಷದ ಹಿಂದೆ ಜನ ಜೀವ ಕೊಟ್ಟರೆಂದು ತಿಳಿದವರಿಗೆ ಇದು ಬರೀ ಆಡಳಿತದ ವಿಷಯವೆಂದು ಅನ್ನಿಸಲಾರದು.

ತಪ್ಪು ಕಲ್ಪನೆ: ಹೆಣ್ಣುಮಕ್ಕಳು ದುಡಿಯಲು ಹೊರಗೆ ಹೊರಟದ್ದು ಈಚೆಗೆ.

ವಾಸ್ತವ: ಹೊಲದಲ್ಲಿ, ಕಟ್ಟಡದಲ್ಲಿ, ಬೀಡಿ ಕಟ್ಟುವಲ್ಲಿ ಅವರು ಯಾವತ್ತೂ ಇದ್ದರು, ಆ ಮಾತು ಬಿಡಿ. ಸಂಬಳದ ಚೀಟಿ ಹಿಡಿದ ಕಾರ್ಖಾನೆ ಕೆಲಸದ ಮಾತೇ ಆಡೋಣ. ಅಮೆರಿಕದ ಜವಳಿ ಗಿರಣಿಗಳ ಊರು ಲೋವೆಲ್ 1820, 30ರ ದಶಕದಲ್ಲಿ ನಿಂತದ್ದು ರೈತರ ಮನೆಯ ಹುಡುಗಿಯರ ದುಡಿಮೆಯ ಮೇಲೆ. ಕಂಪನಿಯ ಹಾಸ್ಟೆಲಿನಲ್ಲಿ ಬಿಡಾರ, ಗಂಟೆ ಹೊಡೆದಾಗ ಏಳುವುದು, ದಿನಕ್ಕೆ 12ರಿಂದ 14 ಗಂಟೆ ಮಗ್ಗದ ಮುಂದೆ ನಿಲ್ಲುವುದು. ಸಂಬಳ ಕಡಿಮೆ ಮಾಡಿದಾಗ 1834ರಲ್ಲಿ ಅವರೇ ಕೆಲಸ ನಿಲ್ಲಿಸಿ ಹೊರಗೆ ಬಂದರು, 1836ರಲ್ಲಿ ಮತ್ತೊಮ್ಮೆ. ತಮ್ಮದೇ ಒಂದು ಪತ್ರಿಕೆಯಲ್ಲೂ ಬರೆದರು.

ನಮ್ಮ ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ ಮಾಡಲು ಶುರುಮಾಡಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ವಾಚು ಜೋಡಿಸುವ ಸಾಲಿನಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಬಿಇಎಲ್‌ನಲ್ಲಿ ಟ್ರಾನ್ಸಿಸ್ಟರ್ ಜೋಡಿಸುವ ಕಡೆಯೂ ಹಾಗೇ. ಹೆಂಗಸರ ಬೆರಳು ಸೂಕ್ಷ್ಮ, ಅವರಿಗೆ ಹುಟ್ಟಿನಿಂದಲೇ ಬರುವ ಗುಣ ಎಂದು ಇದಕ್ಕೆ ಕಾರಣ ಕೊಡುವುದನ್ನು ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ತರಬೇತಿ ಪಡೆದು, ಬೆನ್ನು ಕತ್ತು ನೋಯಿಸಿಕೊಂಡು ಗಳಿಸಿದ ಕಸುಬು ಅದು. ಹುಟ್ಟುಗುಣವೆಂದು ಬಿಟ್ಟರೆ ಅದಕ್ಕೆ ಬೆಲೆ ಕಟ್ಟಬೇಕಾಗಿಲ್ಲ ಎಂಬ ಹಿಕ್ಮತ್ತು ಆ ಮಾತಿನಲ್ಲಿದೆ.

ಲೋವೆಲ್‌ಗೆ ಹತ್ತಿರದ ಹೋಲಿಕೆ ಬೇಕಿದ್ದರೆ ಇಲ್ಲಿಂದ ಕೂಗಳತೆಯ ಪೀಣ್ಯದ ಗಾರ್ಮೆಂಟ್ಸ್ ಇದೆ. 2016ರ ಏಪ್ರಿಲಿನಲ್ಲಿ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲೂ ಜಾಲಹಳ್ಳಿ ಕ್ರಾಸಿನಲ್ಲೂ ರಸ್ತೆಗಿಳಿದರು. ದೊಡ್ಡ ನಾಯಕರು ಕರೆ ಕೊಟ್ಟಿರಲಿಲ್ಲ. ಮಗಳ ಮದುವೆಗೋ ಊರಿನ ಮನೆಯ ಸೂರಿಗೋ ಆಗಲಿ ಎಂದು ಕೂಡಿಟ್ಟ ಗಂಟು ಅದೊಂದೇ, ಅದಕ್ಕೂ ಬೀಗ ಬಿತ್ತೆಂಬ ಸಂಕಟ. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. ದೇಶದ ಎಲ್ಲ ಪಿಎಫ್ ಚಂದಾದಾರರಿಗೂ, ಐಟಿಯವರನ್ನೂ ಸೇರಿಸಿ, ಆ ಹೆಣ್ಣುಮಕ್ಕಳಿಂದ ಉಪಕಾರವಾಯಿತು. ಅವರು ಟ್ರಾಫಿಕ್ ಜಾಮ್ ಮಾಡಿದರೆಂದಷ್ಟೇ ನೆನಪಿಟ್ಟುಕೊಂಡಿರುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: ಕುಕ್ಕರ್, ಮಿಕ್ಸಿ, ಗ್ಯಾಸು ಬಂದು ಮನೆಕೆಲಸ ಇಲ್ಲದಂತಾಯಿತು.

ವಾಸ್ತವ: ಶ್ರಮ ಕಡಿಮೆಯಾಯಿತು, ಸಮಯ ಅಷ್ಟಾಗಿ ಉಳಿಯಲಿಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ಇದನ್ನೇ ತೋರಿಸಿದರು: ಒಲೆ, ಒಗೆಯುವ ಯಂತ್ರ ಬಂದ ಮೇಲೆ ಗಂಡಸರೂ ಮಕ್ಕಳೂ ಮಾಡುತ್ತಿದ್ದ ಸೌದೆ ಒಡೆಯುವ, ನೀರು ಹೊರುವ ಕೆಲಸ ಹೋಯಿತು, ಹೆಂಗಸಿನ ಪಾಲಿನ ಕೆಲಸ ಹಾಗೇ ಉಳಿಯಿತು, ಜೊತೆಗೆ ಶುಚಿ ರುಚಿಯ ನಿರೀಕ್ಷೆ ಏರಿತು.

ಪಾಳಿ ಕೆಲಸದವರ ಮನೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಸ್ಟ್ ಶಿಫ್ಟ್ ಇದ್ದರೆ ಬೆಳಕು ಹರಿಯುವ ಮೊದಲೇ ಗಂಡನ ಡಬ್ಬಿ ಸಿದ್ಧವಾಗಬೇಕು. ಸೆಕೆಂಡ್ ಶಿಫ್ಟ್ ಇದ್ದರೆ ಅವನು ಬರುವುದು ಮಕ್ಕಳು ಮಲಗಿದ ಮೇಲೆ. ಸಾರು ಬಿಸಿ ಮಾಡಿ ಬಡಿಸಲು ಒಬ್ಬರು ಎದ್ದಿರಬೇಕು. ನೈಟ್ ಶಿಫ್ಟ್ ಇದ್ದರೆ ಹಗಲೆಲ್ಲ ಒಂದೇ ಕೋಣೆಯ ಮನೆಯಲ್ಲಿ ಅವನ ನಿದ್ದೆ ಕೆಡದಂತೆ ಮಕ್ಕಳ ಬಾಯಿ ಮುಚ್ಚಿಸಬೇಕು. ವಾರ ವಾರಕ್ಕೂ ಪಾಳಿ ಬದಲು, ಅದರಂತೆ ಅಡುಗೆಮನೆಯ ಗಡಿಯಾರವೂ ಬದಲು. ಹಾಜರಿ ಪುಸ್ತಕದಲ್ಲಿ ಇದ್ದದ್ದು ಒಬ್ಬನ ಹೆಸರು, ಪಾಳಿ ದುಡಿದದ್ದು ಇಬ್ಬರು. ರಾಗಿ ಬೀಸುವ ಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದದ್ದು ನಿಜವಾದ ಬಿಡುಗಡೆ. ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಉಳಿದ ಹೊತ್ತನ್ನು ಮಕ್ಕಳ ಹೋಂವರ್ಕು, ಸೊಸೈಟಿಯ ಸಕ್ಕರೆ, ಸೀಮೆಎಣ್ಣೆಯ ಕ್ಯೂ ನುಂಗಿಕೊಂಡಿತು.

ತಪ್ಪು ಕಲ್ಪನೆ: ಯಂತ್ರ ಬಂತು, ಕೈಕಸುಬು ಸತ್ತಿತು.

ವಾಸ್ತವ: ಕೆಲವು ಸತ್ತವು, ಕೆಲವು ಸೊರಗಿದವು. ಕೆಲವು ಯಂತ್ರದ ಹೊಟ್ಟೆಯೊಳಗೇ ಹುಟ್ಟಿದವು. ಮೂರನೆಯದರ ಬಗ್ಗೆ ಮಾತಾಡುವವರು ಕಡಿಮೆ.

ಲೇತ್ ಅಥವಾ ಗ್ರೈಂಡಿಂಗ್ ಯಂತ್ರದ ಬೆಡ್ ಎನ್ನುವ ಉದ್ದನೆಯ ಎರಕದ ಕಬ್ಬಿಣದ ಹಾಸನ್ನು ನೋಡಿ. ಇನ್ನೊಂದು ಭಾಗ ಅದರ ಮೇಲೆ ಜಾರಾಡಬೇಕು, ಎಲ್ಲೂ ಒಂದಿನಿತು ಅಲುಗಬಾರದು. ಯಂತ್ರದಲ್ಲಿ ಎಷ್ಟೇ ನಯ ಮಾಡಿದರೂ ಕೊನೆಯ ಹದ ಕೈಯದು. ಅಳತೆಯ ಚಪ್ಪಟೆ ತಟ್ಟೆಗೆ ತೆಳುವಾಗಿ ನೀಲಿ ಬಣ್ಣ ಸವರಿ ಹಾಸಿನ ಮೇಲೆ ಉಜ್ಜುತ್ತಾರೆ. ಉಬ್ಬಿದ ಕಡೆಯಲ್ಲೆಲ್ಲ ನೀಲಿ ಹತ್ತುತ್ತದೆ. ಫಿಟ್ಟರ್ ಉದ್ದ ಹಿಡಿಯ ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿ, ಮೈಭಾರ ಬಿಟ್ಟು, ಆ ನೀಲಿ ಚುಕ್ಕೆಗಳನ್ನಷ್ಟೇ ಕೆರೆಯುತ್ತಾನೆ. ಬರುವುದು ಧೂಳಿನಂಥ ಪುಡಿ. ಮತ್ತೆ ಬಣ್ಣ, ಮತ್ತೆ ಉಜ್ಜು, ಮತ್ತೆ ಕೆರೆ. ನೀಲಿ ಚುಕ್ಕೆಗಳು ಹಾಸಿನ ತುಂಬ ಒತ್ತಾಗಿ, ಸಮನಾಗಿ ಹರಡುವ ತನಕ ಇದು ನಡೆಯುತ್ತದೆ. ಒಂದು ಇಂಚಿನ ಚೌಕದಲ್ಲಿ ಎಷ್ಟು ಚುಕ್ಕೆ ಎಂದು ಎಣಿಸಿ ಇನ್‌ಸ್ಪೆಕ್ಷನ್‌ನವರು ಒಪ್ಪಬೇಕು. ಮಿಲಿಮೀಟರಿನ ಸಾವಿರದ ಭಾಗದ ಲೆಕ್ಕ ಅದು. ಬೆಂಗಳೂರಿನ ಯಂತ್ರೋಪಕರಣ ಕಾರ್ಖಾನೆಗಳಲ್ಲಿ ಇಂಥ ಕೈಗಳು ತಯಾರಾದವು.

ಆ ಕೈಗಳು ಒಳಗೇ ಉಳಿಯಲಿಲ್ಲ. ಪೀಣ್ಯದ ಎಷ್ಟೋ ಸಣ್ಣ ವರ್ಕ್‌ಶಾಪುಗಳನ್ನು ಇಟ್ಟವರು ದೊಡ್ಡ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಕಲಿತವರು, ಕೆಲಸ ಬಿಟ್ಟು ಬಂದವರು, ವಿಆರ್‌ಎಸ್ ಹಣದಲ್ಲಿ ಒಂದು ಹಳೇ ಲೇತ್ ಕೊಂಡವರು. ಮೊದಲ ಆರ್ಡರು ಅದೇ ಹಳೆಯ ಕಾರ್ಖಾನೆಯದು.

ತಪ್ಪು ಕಲ್ಪನೆ: ಕಾರ್ಖಾನೆ ಬಂದ ಮೇಲೆ ಜಾತಿ, ಹಬ್ಬ, ಹಳೆಯ ನಂಟು ಕರಗಿದವು.

ವಾಸ್ತವ: ಅರ್ಧ ನಿಜ, ಅರ್ಧ ಸುಳ್ಳು. ಕ್ಯಾಂಟೀನಿನಲ್ಲಿ ಒಂದೇ ಸಾಲು, ಒಂದೇ ಸಾಂಬಾರು, ಪಕ್ಕದ ತಟ್ಟೆ ಯಾರದೆಂದು ಕೇಳುವ ಹಾಗಿರಲಿಲ್ಲ. ಊರಿನಲ್ಲಿ ಜಗಲಿ ಹತ್ತಲಾಗದವನ ಮಗ ಇಲ್ಲಿ ಚಾರ್ಜ್‌ಮನ್ ಆಗಿ, ಮೇಲ್ಜಾತಿಯ ಹುಡುಗನ ಓವರ್‌ಟೈಮಿಗೆ ಸಹಿ ಹಾಕಿದ. ಇದು ಸಣ್ಣ ಬದಲಾವಣೆಯಲ್ಲ. ಗೇಟಿನ ಹೊರಗೆ ಬಂದರೆ ಬಾಡಿಗೆ ಮನೆ ಕೇಳುವಾಗ, ಹೆಣ್ಣು ಕೊಡುವಾಗ ಹಳೇ ಪ್ರಶ್ನೆಗಳೇ.

ಹಬ್ಬವಂತೂ ಕರಗಲಿಲ್ಲ, ಕಾರ್ಖಾನೆಯ ಒಳಕ್ಕೇ ಬಂತು. ಆಯುಧಪೂಜೆಗೆ ಮೆಷಿನ್ನುಗಳಿಗೆ ಎಣ್ಣೆ ಒರೆಸಿ, ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಕುಂಕುಮ ತುಂಬಿದ ಬೂದುಗುಂಬಳ ಒಡೆದು, ಪುರಿ, ಕಡಲೆ, ಸಿಹಿ ಹಂಚುತ್ತಿದ್ದರು. ಮನೆಮಂದಿಗೆ ಒಳಗೆ ಬಿಡುತ್ತಿದ್ದ ದಿನ ಅದು. ಅಪ್ಪ ದಿನವೂ ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂದು ಮಕ್ಕಳು ಕಣ್ಣಾರೆ ಕಾಣುತ್ತಿದ್ದದ್ದು ಅಂದೇ. ನವೆಂಬರ್ ಬಂದರೆ ಕಾರ್ಖಾನೆಯ ಕನ್ನಡ ಸಂಘದ ರಾಜ್ಯೋತ್ಸವ. ಬೇರೆ ಬೇರೆ ರಾಜ್ಯಗಳಿಂದ ನೌಕರರು ಬಂದಿದ್ದ ಈ ಉದ್ಯಮಗಳಲ್ಲಿ ಕನ್ನಡಿಗರ ಪಾಲೆಷ್ಟು ಎಂಬ ಪ್ರಶ್ನೆ ದೊಡ್ಡದಾಗಿ ಬೆಳೆದು, ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಡುವ ತನಕ ಹೋಯಿತು.

ತಪ್ಪು ಕಲ್ಪನೆ: ಕಾರ್ಖಾನೆಯಿಂದ ಬದುಕು ಬದಲಾದದ್ದು ಅಲ್ಲಿ ಕೆಲಸ ಸಿಕ್ಕವರದು ಮಾತ್ರ.

ವಾಸ್ತವ: ಮತ್ತಿಕೆರೆ ಬೆಳೆದದ್ದೇ ಗೇಟಿನ ಹೊರಗಿನವರಿಂದ. ದನದ ಕೊಟ್ಟಿಗೆ ಇದ್ದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟವರು, ಮೆಸ್ ನಡೆಸಿದವರು, ಹಾಲು ಹಾಕಿದವರು, ಚೀಟಿ ಹಾಕಿಸಿದವರು, ಸಂಬಳದ ದಿನ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುತ್ತಿದ್ದ ದಿನಸಿ ಅಂಗಡಿಯವರು, ಎಲ್ಲರ ತಿಂಗಳೂ ಕಾರ್ಖಾನೆಯ ಸಂಬಳದ ತಾರೀಕಿಗೆ ಕಟ್ಟಿಕೊಂಡಿತ್ತು. ಆಮೇಲೆ ನೌಕರರ ಗೃಹನಿರ್ಮಾಣ ಸಹಕಾರ ಸಂಘಗಳು ಬಂದವು. ವಿದ್ಯಾರಣ್ಯಪುರದ ಬಿಇಎಲ್ ಬಡಾವಣೆಯಂಥವು ಹಾಗೆ ಎದ್ದವು. ಊರಲ್ಲಿ ಸ್ವಂತದ ಗೇಣು ಭೂಮಿ ಇಲ್ಲದವನಿಗೂ ಮೂವತ್ತು ನಲವತ್ತರ ಸೈಟು, ಸಾಲ ತೀರಿಸಲು ಇಪ್ಪತ್ತು ವರ್ಷದ ಭರವಸೆಯ ಸಂಬಳ. ಬೆಂಗಳೂರಿನ ಕನ್ನಡ ಮಧ್ಯಮವರ್ಗದ ಬಹುಪಾಲು ಇಲ್ಲಿಂದ ಬಂದದ್ದೆಂದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಮುಷ್ಕರ, ಯೂನಿಯನ್, ಸೋಮಾರಿತನ ಸೇರಿ ಸರ್ಕಾರಿ ಕಾರ್ಖಾನೆಗಳನ್ನು ಮುಳುಗಿಸಿದವು.

ವಾಸ್ತವ: 1980ರ ಡಿಸೆಂಬರಿನಿಂದ 1981ರ ಮಾರ್ಚ್ ತನಕ 77 ದಿನ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್‌ನ ಒಂದು ಲಕ್ಷಕ್ಕೂ ಮೀರಿದ ಕಾರ್ಮಿಕರು ಮುಷ್ಕರ ಹೂಡಿದರು. ಬಿಎಚ್‌ಇಎಲ್ ನೌಕರರಿಗೆ ಸಿಕ್ಕಷ್ಟು ಸಂಬಳ ತಮಗೂ ಸಿಗಲಿ ಎಂಬುದು ಬೇಡಿಕೆ. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಅಂಗಡಿಯವರು ಸಾಲ ಬರೆದುಕೊಂಡರು, ಮನೆಯ ಒಡವೆ ಗಿರವಿ ಹೋಯಿತು. ಬೇಡಿಕೆ ಪೂರ್ತಿ ಈಡೇರದೆಯೇ ಮುಷ್ಕರ ಮುಗಿಯಿತು.

ಮುಷ್ಕರವೇ ಮುಳುಗಿಸಿತೆನ್ನುವುದಾದರೆ ಐದೂ ಮುಳುಗಬೇಕಿತ್ತು. ಜಾಲಹಳ್ಳಿಗೆ ಹೋಗಿ ನೋಡಿದರೆ ಉತ್ತರ ಅಲ್ಲೇ ಇದೆ. ಬಿಇಎಲ್ ಮತ್ತು ಎಚ್‌ಎಂಟಿ ಅಕ್ಕಪಕ್ಕದವು. ಒಂದೇ ಕಾಲದಲ್ಲಿ ಹುಟ್ಟಿದವು, ಒಂದೇ ಬಗೆಯ ಯೂನಿಯನ್, ಒಂದೇ ಬಸ್‌ ಸ್ಟಾಪಿನ ಕೆಲಸಗಾರರು, ಒಂದೇ ಮುಷ್ಕರ. ಬಿಇಎಲ್ ಇವತ್ತು ನವರತ್ನ ಕಂಪನಿ, ರೇಡಾರು, ಮತಯಂತ್ರ ಮಾಡುತ್ತ ಗಟ್ಟಿಯಾಗಿ ನಿಂತಿದೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು. ಒಂದಕ್ಕೆ ರಕ್ಷಣಾ ಇಲಾಖೆಯ ನಿಲ್ಲದ ಆರ್ಡರು, ಹೊಸ ತಂತ್ರಜ್ಞಾನಕ್ಕೆ ಹೂಡಿಕೆ. ಇನ್ನೊಂದು ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳ ಕಾಲದಲ್ಲೂ ಕೀಲಿ ಕೊಡುವ ವಾಚನ್ನೇ ನೆಚ್ಚಿಕೊಂಡಿತ್ತು. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಲ್ಲಿ ಕಾರ್ಖಾನೆ ಹಾಕಿ ಮಾರುಕಟ್ಟೆಯನ್ನು ಎತ್ತಿಕೊಂಡು ಹೋಯಿತು. ಎಚ್‌ಎಂಟಿಯಲ್ಲಿ ಪಳಗಿದವರೇ ಹಲವರು ಅಲ್ಲಿಗೆ ಹೋದರು. ಆಮದು ಮುಕ್ತವಾದ ಮೇಲೆ ಯಂತ್ರೋಪಕರಣಕ್ಕೂ ಏಟು ಬಿತ್ತು. ಯಾವ ವಾಚು ಮಾಡಬೇಕು, ಎಲ್ಲಿ ಹಣ ಹೂಡಬೇಕು ಎಂದು ತೀರ್ಮಾನಿಸಿದವರು ಲೇತ್ ಮುಂದೆ ನಿಂತವರಲ್ಲ. ಬೇರೆಯವರ ತೀರ್ಮಾನದ ತಪ್ಪನ್ನು ಇವರ ತಲೆಗೆ ಕಟ್ಟುವುದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ತಪ್ಪು ಕಲ್ಪನೆ: ಕಾರ್ಖಾನೆಯ ಕಾಲ ಮುಗಿಯಿತು.

ವಾಸ್ತವ: ಬೆಳಗಿನ ಹೊತ್ತು ಪೀಣ್ಯದ ಮೆಟ್ರೊ ನಿಲ್ದಾಣದಲ್ಲಿ ಇಳಿಯುವವರನ್ನು ನೋಡಿದವರು ಈ ಮಾತು ಆಡುವುದಿಲ್ಲ. ಮುಗಿಯುತ್ತಿರುವುದು ಕಾರ್ಖಾನೆಯಲ್ಲ, ಜಾಲಹಳ್ಳಿಯ ಆ ಹಳೆಯ ಕರಾರು: ಪರ್ಮನೆಂಟ್ ಕೆಲಸ, ನಿಗದಿ ಪಾಳಿ, ಸೊಸೈಟಿಯ ಸೈಟು. ಅಪ್ಪ ಪರ್ಮನೆಂಟ್ ಇದ್ದ ಕಡೆ ಮಗ ಕಾಂಟ್ರಾಕ್ಟಿನವನು. ಅದೇ ಮೆಷಿನ್ನು, ಸಂಬಳ ಕಡಿಮೆ, ಕ್ಯಾಂಟೀನಿನ ಟೋಕನ್ ಬೇರೆ. ಮತ್ತಿಕೆರೆಯ ಗಲ್ಲಿಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ಡೆಲಿವರಿ ಹುಡುಗರಿಗೆ ಗೇಟೂ ಇಲ್ಲ, ಪಂಚಿಂಗೂ ಇಲ್ಲ, ಆದರೆ ನಿಮಿಷ ನಿಮಿಷವನ್ನೂ ಫೋನು ಎಣಿಸುತ್ತದೆ. ಅವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ತಂದದ್ದು ಒಳ್ಳೆಯ ಕೆಲಸ. ಅದೇ ವರ್ಷದ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳ ಬಗ್ಗೆ ಯೂನಿಯನ್‌ಗಳ ತಕರಾರು ಬಹಳ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಲೇಬೇಕೆಂಬ ಮಾತು ಅವುಗಳಲ್ಲಿದೆ. ಪೀಣ್ಯದ ಶೆಡ್ಡುಗಳಲ್ಲಿ, ಗಾರ್ಮೆಂಟ್ಸಿನಲ್ಲಿ ಬಾಯಿಮಾತಿನ ಮೇಲೆ ದುಡಿಯುತ್ತಿರುವ ತಮ್ಮ ತಂಗಿಯರು ಆ ಪತ್ರವನ್ನು ಕೇಳಿ ಪಡೆಯಲಿ, ಅದರಲ್ಲಿ ಸಂಬಳ, ಕೆಲಸದ ಅವಧಿ, ಪಿಎಫ್, ಇಎಸ್‌ಐ ಬರೆದಿದೆಯೇ ಎಂದು ಓದಿಸಿಕೊಳ್ಳಲಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಿ.